ಮಾಚನೂರಿನ ಬಾನುಲಿ

ಹೈದರಾಬಾದಿನಿಂದ ಬೀದರಕ್ಕೆ ಹೋಗಿಬರುವ ನಮ್ಮವರಿಗೆ ಜಹೀರಾಬಾದು ಹೊಸ ಊರಲ್ಲ. ಮುಂಬಯಿ ಹೆದ್ದಾರಿಯ ಮೇಲಿರುವ ಆ ಪೇಟೆಯಲ್ಲಿ ಬಸ್ಸು ನಿಂತಾಗ ಇಳಿದು ಚಹಾ ಕುಡಿಯುವುದು, ಮಕ್ಕಳ ಕೈಗೆ ಒಂದಿಷ್ಟು ಹುರಿದ ಶೇಂಗಾ ಕೊಡುವುದು, ಮತ್ತೆ ಬಸ್ಸು ಹತ್ತಿ ನಿದ್ದೆಹೋಗುವುದು. ಆ ಊರಿನ ಪರಿಚಯ ನಮಗೆ ಇಷ್ಟೇ. 1956ನೆಯ ಇಸವಿಯ ನವೆಂಬರ್ 1ರಂದು, ನಾವು ವರ್ಷವರ್ಷವೂ ಧ್ವಜವೇರಿಸಿ ಹಬ್ಬ ಮಾಡುವ ಅದೇ ದಿನ, ಆ ತಾಲ್ಲೂಕು ಬೀದರ ಜಿಲ್ಲೆಯಿಂದ ಬೇರೆಯಾಯಿತೆಂಬುದು ನಮ್ಮಲ್ಲಿ ಹಲವರ ನೆನಪಿನಲ್ಲಿಲ್ಲ. ಅಲ್ಲಿಯವರೆಗೆ ಜಹೀರಾಬಾದು, ನಾರಾಯಣಖೇಡಗಳೆರಡೂ ಬೀದರ ಜಿಲ್ಲೆಯ ತಾಲ್ಲೂಕುಗಳು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಬೀದರವು ಮೈಸೂರು ರಾಜ್ಯಕ್ಕೆ ಬಂದಿತು. ನಾರಾಯಣಖೇಡವೂ ಜಹೀರಾಬಾದಿನ ಬಹುಭಾಗವೂ ಆಂಧ್ರಪ್ರದೇಶದ ಮೇದಕ ಜಿಲ್ಲೆಗೆ ಸೇರಿದವು. ಈಗ ಅವು ತೆಲಂಗಾಣದ ಸಂಗಾರೆಡ್ಡಿ ಜಿಲ್ಲೆಯಲ್ಲಿವೆ.

ಅಲ್ಲಿಯ ಜನರ ಮಾತು ಬಹುಮಟ್ಟಿಗೆ ತೆಲುಗು. ಆದುದರಿಂದ ಈ ಹಂಚಿಕೆಯ ಬಗ್ಗೆ ನಮ್ಮ ತಕರಾರೇನೂ ಇಲ್ಲ. ಆದರೆ ಗೆರೆ ಎಳೆದವರಿಗೆ ಮಣ್ಣನ್ನು ವಿಂಗಡಿಸುವುದು ಸಾಧ್ಯವಾಗಲಿಲ್ಲ. ಬೀದರದ ಕೋಟೆಗೆ ಕಲ್ಲು ಒದಗಿಸಿದ ಕೆಂಪು ಜಂಬಿಟ್ಟಿಗೆಯ ನೆಲವೇ ಗಡಿ ದಾಟಿ ಅತ್ತಲೂ ಹಬ್ಬಿದೆ. ಅದೇ ಜೋಳ, ಅದೇ ತೊಗರಿ, ಅದೇ ಕುಸುಬೆ. ಈ ನೆಲದಲ್ಲಿ, ಜಹೀರಾಬಾದಿಗೆ ಸಮೀಪದ ಮಾಚನೂರೆಂಬ ಹಳ್ಳಿಯಲ್ಲಿ, 2008ರಲ್ಲಿ ಒಂದು ಬಾನುಲಿ ನಿಲಯ ಹುಟ್ಟಿತು. ಅದನ್ನು ನಡೆಸಿದವರು ಹೊಲದಲ್ಲಿ ದುಡಿಯುವ ಬಡ ಹೆಂಗಸರು, ಅವರಲ್ಲಿ ಬಹುಮಂದಿ ದಲಿತರು. ಆ ಕೆಲಸಕ್ಕೆ ಅವರ ಬೆನ್ನಿಗೆ ನಿಂತವರಲ್ಲಿ ಮುಖ್ಯರಾದವರು ಮೈಸೂರಿನಲ್ಲಿ ಹುಟ್ಟಿದ ಒಬ್ಬ ಕನ್ನಡಿಗರು. ಹೊರನಾಡಿನಲ್ಲಿರುವ ನಾವು ನಮ್ಮವರ ಸಾಹಸಗಳನ್ನು ಹೇಳುವಾಗ ಸಾಮಾನ್ಯವಾಗಿ ಹೋಟೆಲುಗಳನ್ನೂ ಬ್ಯಾಂಕುಗಳನ್ನೂ ನೆನೆಯುತ್ತೇವೆ. ಈ ಸಂಚಿಕೆಯಲ್ಲಿ ಮಾಚನೂರಿನ ಕಥೆಯನ್ನು ಹೇಳೋಣವೆಂದು ನಾವು ಮನಸ್ಸು ಮಾಡಿದ್ದೇವೆ.

ಬಾನುಲಿಗೂ ಬೇಸಾಯಕ್ಕೂ ನಂಟು ಹಳೆಯದು. ಆ ನಂಟಿನ ರೀತಿ ಹೇಗಿತ್ತೆಂಬುದನ್ನು ಮೊದಲು ನೋಡಬೇಕು. 1956ರಲ್ಲಿಯೇ, ಮೇಲೆ ಹೇಳಿದ ವಿಂಗಡಣೆಗೆ ಕೆಲವು ತಿಂಗಳು ಮುಂಚೆ, ಪುಣೆಯ ಆಕಾಶವಾಣಿ ನಿಲಯ ಒಂದು ದೊಡ್ಡ ಪ್ರಯೋಗ ನಡೆಸಿತು. ಆಗಿನ ಮುಂಬಯಿ ರಾಜ್ಯದ ಐದು ಮರಾಠಿ ಜಿಲ್ಲೆಗಳಲ್ಲಿ ಸುಮಾರು 150 ಹಳ್ಳಿಗಳನ್ನು ಆರಿಸಿ, ಒಂದೊಂದರಲ್ಲಿಯೂ ಒಂದು ರೈತರ ಕೂಟವನ್ನು ಏರ್ಪಡಿಸಿದರು. ವಾರಕ್ಕೆ ಎರಡು ಬಾರಿಯಂತೆ ಒಟ್ಟು 20 ಕಾರ್ಯಕ್ರಮಗಳು. ಊರವರು ಒಟ್ಟಿಗೆ ಕೂತು ಕೇಳುವುದು, ಕೇಳಿದ ಮೇಲೆ ಚರ್ಚಿಸುವುದು, ಸಂದೇಹಗಳನ್ನು ಬರೆದು ನಿಲಯಕ್ಕೆ ಕಳುಹಿಸುವುದು. ಯುನೆಸ್ಕೋ ಇದಕ್ಕೆ ನೆರವಾಯಿತು. ಮುಂಬಯಿಯ ಟಾಟಾ ಸಮಾಜವಿಜ್ಞಾನ ಸಂಸ್ಥೆಯಲ್ಲಿ ಪಾಲ್ ನ್ಯೂರಾತ್ ಎಂಬ ವಿದ್ವಾಂಸರು ಫಲಿತಾಂಶಗಳನ್ನು ಪರಿಶೀಲಿಸಿದರು. ಕೂಟವಿದ್ದ ಹಳ್ಳಿಗಳ ಜನ ಇತರರಿಗಿಂತ ಬಹಳ ಹೆಚ್ಚು ಕಲಿತರೆಂದು ತಿಳಿದುಬಂದಿತು. ಒಳ್ಳೆಯ ಪ್ರಯೋಗವೇ ಸರಿ. ಆದರೆ ಮಾತನಾಡುವ ಯಂತ್ರ ಪುಣೆಯಲ್ಲಿತ್ತು, ಕೇಳುವ ಯಂತ್ರ ಹಳ್ಳಿಯಲ್ಲಿತ್ತು. ರೈತನ ಪ್ರಶ್ನೆ ಅಂಚೆಯಲ್ಲಿ ಹೋಗಬೇಕು, ಉತ್ತರ ಆಕಾಶದಿಂದ ಇಳಿಯಬೇಕು.

ಹತ್ತು ವರ್ಷಗಳ ಮೇಲೆ ತಂಜಾವೂರಿನಲ್ಲಿ ಈ ಪದ್ಧತಿಯ ಬಲ ಇನ್ನೂ ಚೆನ್ನಾಗಿ ಗೊತ್ತಾಯಿತು. ತಿರುಚಿರಾಪಳ್ಳಿಯ ಆಕಾಶವಾಣಿಯವರು ಎ.ಡಿ.ಟಿ. 27 ಎಂಬ ಹೊಸ ಭತ್ತದ ತಳಿಯ ವಿಷಯವನ್ನು ಪ್ರಸಾರ ಮಾಡಿದರು. ಅದು ಹೊಲಹೊಲಕ್ಕೆ ಹಬ್ಬಿದ ವೇಗವನ್ನು ನೋಡಿ ಜನ ಅದಕ್ಕೆ ‘ರೇಡಿಯೋ ಅಕ್ಕಿ’ ಎಂದೇ ಹೆಸರಿಟ್ಟರು. ಅದು 1965-66ರ ಬರಗಾಲದ ಹೊತ್ತು. ಹಡಗಿನಲ್ಲಿ ಬಂದ ಗೋಧಿಗೆ ದೇಶ ಕಾದಿದ್ದ ಕಾಲ. ಆ ದಿನಗಳ ಪಡಿತರದ ಸಾಲಿನಲ್ಲಿ ನಿಂತ ಹಿರಿಯರಾರೂ ಹೆಚ್ಚು ಬೆಳೆಯುವ ಭತ್ತವನ್ನು ಹಳಿಯಲಾರರು, ನಾವೂ ಹಳಿಯುವುದಿಲ್ಲ. ಆದರೆ ನೀರಿದ್ದ ಕಾವೇರಿಯ ಬಯಲಿಗೆ ಸಲ್ಲುವ ಮಾತು ಜಂಬಿಟ್ಟಿಗೆಯ ಬೆದ್ದಲಿಗೆ ಸಲ್ಲಲಿಲ್ಲ. ಅಲ್ಲಿಗೆ ಏನು ಸಲ್ಲುವುದೆಂಬುದನ್ನು ಬಲ್ಲವರು ಬಾನುಲಿಯಲ್ಲಿ ಮಾತನಾಡುವವರಾಗಿರಲಿಲ್ಲ.

ಜಹೀರಾಬಾದಿನ ಹಳ್ಳಿಗಳಲ್ಲಿ 1980ರ ಸುಮಾರಿಗೆ ಬಡವರ ಹೊಲಗಳು ಎಷ್ಟೋ ಕಡೆ ಬೀಳು ಬಿದ್ದಿದ್ದವು. 1983ರಲ್ಲಿ ಎನ್. ಟಿ. ರಾಮರಾಯರ ಸರ್ಕಾರ ಕಿಲೋಗೆ ಎರಡು ರೂಪಾಯಿಯಂತೆ ಅಕ್ಕಿ ಕೊಡತೊಡಗಿತು. ಹಸಿದವನಿಗೆ ಅದು ದೊಡ್ಡ ಉಪಕಾರ. ಆದರೆ ಎರಡು ರೂಪಾಯಿಗೆ ಅಕ್ಕಿ ದೊರೆಯುವಾಗ ಬೀಳು ಹೊಲವನ್ನು ಉತ್ತು, ಗೊಬ್ಬರ ಹೊತ್ತು, ಜೋಳ ಬಿತ್ತುವವರಾರು? ಜೋಳದ ಹಿಂದೆಯೇ ಸಜ್ಜೆ, ನವಣೆ, ಸಾವೆ, ಹಾರಕಗಳೂ ಮರೆಯಾಗತೊಡಗಿದವು. ಅವುಗಳ ಸಾಲಿನ ನಡುವೆ ಬರುತ್ತಿದ್ದ ಹೆಸರು, ಉದ್ದು, ಅಲಸಂದೆಗಳೂ ಹೋದವು, ದನಗಳಿಗೆ ಸೊಪ್ಪೆಯಿಲ್ಲದಾಯಿತು.

ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಹುಟ್ಟಿದುದು ಅದೇ 1983ರಲ್ಲಿ. ಅದನ್ನು ಕಟ್ಟಿದವರಲ್ಲಿ ಒಬ್ಬರು ಪಿ. ವಿ. ಸತೀಶ್. 1945ರಲ್ಲಿ ಮೈಸೂರಿನಲ್ಲಿ ಜನನ. ದೆಹಲಿಯಲ್ಲಿ ಪತ್ರಿಕೋದ್ಯಮದ ಶಿಕ್ಷಣ. ಆಮೇಲೆ ಹಲವು ವರ್ಷ ದೂರದರ್ಶನದಲ್ಲಿ ಕಾರ್ಯಕ್ರಮ ನಿರ್ಮಾಪಕರು. 1975-76ರಲ್ಲಿ ಉಪಗ್ರಹದ ಮೂಲಕ ಆರು ರಾಜ್ಯಗಳ 2,400 ಹಳ್ಳಿಗಳಿಗೆ ದೂರದರ್ಶನ ತೋರಿಸಿದ ಪ್ರಯೋಗದಲ್ಲಿ ಅವರೂ ಇದ್ದರು. ನಮ್ಮ ಕಡೆಯ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳೂ ಆ ಪ್ರಯೋಗದಲ್ಲಿದ್ದವು, ಮೇದಕವೂ ಇತ್ತು. ಹಳ್ಳಿಗೆ ಮೇಲಿನಿಂದ ಮಾತನಾಡುವ ವಿದ್ಯೆಯನ್ನು ಚೆನ್ನಾಗಿ ಬಲ್ಲ ಈ ಮನುಷ್ಯ, ಹಳ್ಳಿಯೇ ಮಾತನಾಡುವುದನ್ನು ಕೇಳುತ್ತ ಉಳಿದ ಬಾಳನ್ನೆಲ್ಲ ಜಹೀರಾಬಾದಿನ ಸುತ್ತ ಕಳೆದರು.

ಕೆಲಸ ಆರಂಭವಾದುದು ಮಾತಿನಿಂದಲ್ಲ, ಕಾಳಿನಿಂದ. ಊರೂರಿನಲ್ಲಿ ಹೆಂಗಸರ ಸಂಘಗಳು ಏರ್ಪಟ್ಟವು. 1990ರ ದಶಕದ ನಡುವೆ ಈ ಸಂಘಗಳು ಎರಡು ಸಾವಿರ ಎಕರೆಗೂ ಮೇಲ್ಪಟ್ಟು ಬೀಳು ಭೂಮಿಯನ್ನು ಸಾಗುವಳಿಗೆ ತಂದವು. ಉಳುಮೆಗೂ ಗೊಬ್ಬರಕ್ಕೂ ರೈತನಿಗೆ ಸಾಲ. ಅವನು ಅದನ್ನು ತೀರಿಸಬೇಕಾದುದು ಹಣದಲ್ಲಲ್ಲ, ಜೋಳದಲ್ಲಿ, ವರ್ಷಕ್ಕಿಷ್ಟರಂತೆ. ಹಾಗೆ ಕೂಡಿದ ಜೋಳವನ್ನು ಊರಿನಲ್ಲೇ ಕಾಪಿಟ್ಟು, ಮಳೆಗಾಲದ ಕಷ್ಟದ ತಿಂಗಳುಗಳಲ್ಲಿ ಬಡ ಮನೆಗಳಿಗೆ ಅಗ್ಗದ ಬೆಲೆಗೆ ಕೊಡುವುದು. ಪಡಿತರ ಅಂಗಡಿಯೇ, ಆದರೆ ಊರ ಹೊಲದ ಕಾಳು.

ಬೀಜದ ವಿಷಯ ಇನ್ನೂ ಸ್ವಾರಸ್ಯವಾದುದು. ಬೂದಿಯನ್ನೂ ಬೇವಿನ ಎಲೆಯನ್ನೂ ಬೆರೆಸಿ, ಸಗಣಿ ಸಾರಿಸಿದ ಬಿದಿರ ಬುಟ್ಟಿಗಳಲ್ಲಿ ಬೀಜಗಳನ್ನು ತುಂಬಿಡುವುದು ಆ ಕಡೆಯ ಹೆಂಗಸರ ಕ್ರಮ. ನಮ್ಮ ಅಜ್ಜಿಯರ ಕ್ರಮವೂ ಅದೇ ಅಲ್ಲವೇ? ಬೇಕಾದವರು ಬಿತ್ತನೆಗೆ ಒಯ್ದು, ಸುಗ್ಗಿಯಲ್ಲಿ ಒಯ್ದುದಕ್ಕಿಂತ ಹೆಚ್ಚಾಗಿ ಅಳೆದು ಹಿಂದಿರುಗಿಸಬೇಕು. ಹಿಂಗಾರಿನಲ್ಲಿ ನೀರಾವರಿಯಿಲ್ಲದೆ, ಸರಕು ಗೊಬ್ಬರವಿಲ್ಲದೆ, ಬರಿಯ ಇಬ್ಬನಿಯ ತೇವದಲ್ಲಿ ಬರುವ ಬೆಳೆಗಳಿಗೆ ಅವರು ಕೊಟ್ಟಿರುವ ಹೆಸರು ‘ಸತ್ಯಂ ಪಂಟಲು’, ಸತ್ಯದ ಬೆಳೆಗಳು. ಇಂಥ ಮಾತನ್ನು ಯಾವ ಕೃಷಿ ಇಲಾಖೆಯ ಕರಪತ್ರದಲ್ಲಿಯೂ ನಾವು ಕಂಡಿಲ್ಲ. ಸಂಕ್ರಾಂತಿಯ ಹೊತ್ತಿಗೆ ಎತ್ತಿನ ಗಾಡಿಗಳನ್ನು ಸಿಂಗರಿಸಿ, ಬೀಜದ ಬುಟ್ಟಿಗಳನ್ನಿಟ್ಟು, ಹಾಡುತ್ತ ಹಳ್ಳಿಯಿಂದ ಹಳ್ಳಿಗೆ ಹೋಗುವ ‘ಪಾತ ಪಂಟಲ ಜಾತರ’ವನ್ನೂ ಅವರು ಬೆಳೆಸಿದರು, ಹಳೆಯ ಬೆಳೆಗಳ ಜಾತ್ರೆ.

ಇಷ್ಟೆಲ್ಲ ತಿಳಿವಳಿಕೆ ಇರುವವರು ಅಕ್ಷರ ಬಲ್ಲವರಲ್ಲ. ಬರೆದಿಡಲಾರರು, ಹೇಳಬಲ್ಲರು, ಹಾಡಬಲ್ಲರು. ಬಾನುಲಿಯ ಯೋಚನೆ ಬಂದುದು ಹೀಗೆ. 1998ರಲ್ಲಿ ಯುನೆಸ್ಕೋ ನೆರವಿನಿಂದ ಮಾಚನೂರಿನಲ್ಲಿ ಧ್ವನಿಮುದ್ರಣದ ಕೋಣೆ ಸಿದ್ಧವಾಯಿತು. ಜನರಲ್ ನರಸಮ್ಮ, ಅಲ್ಗೋಲ್ ನರಸಮ್ಮ ಎಂಬ ಇಬ್ಬರು ಯುವತಿಯರು ಯಂತ್ರಗಳನ್ನು ನಡೆಸಲು ಕಲಿತರು. ಎಲ್ಲವೂ ಆಯಿತು. ಇಲ್ಲದುದು ಒಂದೇ: ಪ್ರಸಾರ ಮಾಡಲು ಸರ್ಕಾರದ ಅಪ್ಪಣೆ!

ಈ ಅಪ್ಪಣೆಯ ಇತಿಹಾಸವನ್ನು ಸ್ವಲ್ಪ ಹೇಳಬೇಕು. 1885ರ ತಂತಿ ಶಾಸನದ ಬಲದಿಂದ ಗಾಳಿಯ ಅಲೆಗಳ ಮೇಲೆ ಸರ್ಕಾರ ತನ್ನ ಹಕ್ಕು ಸಾಧಿಸಿಕೊಂಡು ಬಂದಿತ್ತು. 1995ರ ಫೆಬ್ರವರಿ 9ರಂದು ಸರ್ವೋಚ್ಚ ನ್ಯಾಯಾಲಯ ಗಾಳಿಯ ಅಲೆಗಳು ಸಾರ್ವಜನಿಕರ ಸ್ವತ್ತೆಂದು ತೀರ್ಪಿತ್ತಿತು. ಆ ವ್ಯಾಜ್ಯ ಬಂದುದು ರೈತರಿಂದಲ್ಲ. ಕ್ರಿಕೆಟ್ ಪಂದ್ಯವನ್ನು ದೂರದರ್ಶನದಲ್ಲಿ ಯಾರು ತೋರಿಸಬೇಕೆಂಬ ಜಗಳದಿಂದ. ಕ್ರಿಕೆಟ್ಟಿನಿಂದ ನವಣೆಗೆ ಉಪಕಾರವಾದೀತೆಂದು ಯಾರು ತಾನೆ ಊಹಿಸಿದ್ದರು! ತೀರ್ಪೇನೋ ಬಂದಿತು, ಬಾಗಿಲು ಮಾತ್ರ ನಿಧಾನವಾಗಿ ತೆರೆಯಿತು. ಖಾಸಗಿ ವ್ಯಾಪಾರದ ಸಿನಿಮಾ ಹಾಡಿನ ನಿಲಯಗಳಿಗೆ ಮೊದಲು ಅನುಮತಿ ಸಿಕ್ಕಿತು. 2002ರ ಕೊನೆಯಲ್ಲಿ ವಿದ್ಯಾಸಂಸ್ಥೆಗಳಿಗೆ ಅವಕಾಶವಾಗಿ, 2004ರಲ್ಲಿ ಚೆನ್ನೈನ ಅಣ್ಣಾ ವಿಶ್ವವಿದ್ಯಾನಿಲಯದ ನಿಲಯ ಆರಂಭವಾಯಿತು. ಹಳ್ಳಿಯ ಸಂಘಸಂಸ್ಥೆಗಳಿಗೆ ದಾರಿಯಾದುದು 2006ರ ನವೆಂಬರಿನಲ್ಲಿ.

ಹಾಗಾದರೆ ಈ ನಡುವಿನ ವರ್ಷಗಳಲ್ಲಿ ಮಾಚನೂರಿನವರು ಏನು ಮಾಡಿದರು? ಕಾರ್ಯಕ್ರಮಗಳನ್ನು ಧ್ವನಿಮುದ್ರಿಸುತ್ತಲೇ ಹೋದರು. ಕ್ಯಾಸೆಟ್ಟುಗಳನ್ನು ಹಳ್ಳಿಗಳಿಗೆ ಒಯ್ದು, ಸಂಘದ ಹೆಂಗಸರು ರಾತ್ರಿ ಕೂಡಿದಾಗ ಟೇಪ್ ರೆಕಾರ್ಡರಿನಲ್ಲಿ ಹಾಕಿ ಕೇಳಿಸಿದರು. ಹತ್ತು ವರ್ಷ! ಪ್ರಸಾರವಿಲ್ಲದ ಬಾನುಲಿ ನಿಲಯವನ್ನು ಹತ್ತು ವರ್ಷ ನಡೆಸಿದವರ ತಾಳ್ಮೆಯನ್ನು ನೆನೆದರೆ, ಸಭಾಂಗಣ ದೊರೆಯದೆ ಎರಡು ವರ್ಷ ವಾರ್ಷಿಕೋತ್ಸವವನ್ನೇ ನಿಲ್ಲಿಸಿಬಿಟ್ಟ ನಮಗೆ ಸ್ವಲ್ಪ ನಾಚಿಕೆಯಾಗಬೇಕು.

ಇದೇ ಕಾಲದಲ್ಲಿ ನಮ್ಮ ಕೋಲಾರ ಜಿಲ್ಲೆಯಲ್ಲಿಯೂ ಇಂಥದೇ ಯತ್ನವೊಂದು ನಡೆದಿತ್ತು. ಹೈದರಾಲಿಯ ಜನ್ಮಸ್ಥಳವಾದ ಬೂದಿಕೋಟೆಯಲ್ಲಿ ‘ನಮ್ಮ ಧ್ವನಿ’ ಎಂಬ ಬಾನುಲಿ. ಅಪ್ಪಣೆ ಇಲ್ಲದಿದ್ದರೇನು, ಗಾಳಿಯಲ್ಲಿ ಬಿಡದೆ ಕೇಬಲ್ ತಂತಿಯ ಮೂಲಕವೇ ಮನೆಮನೆಗೆ ಮಾತು ಮುಟ್ಟಿಸಿದರು. ಅದಕ್ಕೂ ಯುನೆಸ್ಕೋ ನೆರವಿತ್ತು. ಕನ್ನಡಿಗರ ಈ ಉಪಾಯವೂ ದಾಖಲೆಯಲ್ಲಿ ಇರಲಿ.

ಕೊನೆಗೆ 2008ರ ಅಕ್ಟೋಬರ್ 15ರಂದು ಮಾಚನೂರಿನ ‘ಸಂಘಂ ರೇಡಿಯೋ’ 90.4 ಮೆಗಾಹರ್ಟ್ಸಿನಲ್ಲಿ ಬಾಯಿ ತೆರೆಯಿತು. ಉದ್ಘಾಟಿಸಿದವರು ನಿವೃತ್ತ ನ್ಯಾಯಮೂರ್ತಿ ಪಿ. ಬಿ. ಸಾವಂತರು; 1995ರ ಆ ತೀರ್ಪನ್ನಿತ್ತ ಪೀಠದಲ್ಲಿದ್ದವರೇ. ಪ್ರತಿದಿನ ಸಂಜೆ, ಹೊಲದಿಂದ ಬಂದು ಒಲೆ ಹೊತ್ತಿಸುವ ಹೊತ್ತಿಗೆ, ಪ್ರಸಾರ. ಮಳೆ ತಡವಾದರೆ ಯಾವ ಬೀಜ ಬಿತ್ತಬೇಕು, ಬಿತ್ತದೆಯೇ ಹೊಲದಲ್ಲಿ ಬೆಳೆಯುವ ಸೊಪ್ಪುಗಳಲ್ಲಿ ತಿನ್ನತಕ್ಕವು ಯಾವುವು, ಕೂಸಿಗೆ ಕೆಮ್ಮಾದರೆ ಏನು ಕೊಡಬೇಕು, ನಡುನಡುವೆ ಬೀಸುವ ಹಾಡು, ಬಿತ್ತುವ ಹಾಡು. ಭಾಷೆ ಪಟ್ಟಣದ ತೆಲುಗಲ್ಲ. ಉರ್ದು ಬೆರೆತ, ಅಲ್ಲಲ್ಲಿ ಕನ್ನಡದ ಎಳೆಯೂ ಸಿಕ್ಕುವ ಆ ಸೀಮೆಯ ಮಾತು. ಆಕಾಶವಾಣಿಯ ಶುದ್ಧ ಭಾಷೆಯನ್ನು ಕೇಳಿ ತಮ್ಮ ಮಾತು ಕೀಳೆಂದುಕೊಂಡಿದ್ದವರು ಆ ಮಾತನ್ನೇ ಬಾನುಲಿಯಲ್ಲಿ ಕೇಳಿದರು.

ಈ ಸಂಘದ ಹೆಂಗಸರು ಚಲನಚಿತ್ರ ತೆಗೆಯುವುದನ್ನೂ ಕಲಿತಿದ್ದಾರೆ. ಮೇಲಿನಿಂದ ಕೆಳಗೆ ನೋಡುವಂತೆ ಚಿತ್ರ ತೆಗೆದರೆ ಅದನ್ನು ‘ಪಟೇಲ್ ಶಾಟ್’ ಎನ್ನುತ್ತಾರೆ; ಎದುರಿಗೆ ಸಮನಾಗಿ ಕೂತು ತೆಗೆದರೆ ‘ಸಂಘಂ ಶಾಟ್’. ಪುಣೆಯ ಪ್ರಯೋಗಕ್ಕೂ ಮಾಚನೂರಿಗೂ ಇರುವ ಅಂತರವನ್ನು ನಾವು ಎರಡು ಪುಟಗಳಲ್ಲಿ ಹೇಳಲು ಹೆಣಗಿದೆವು. ಅವರು ಎರಡು ಮಾತಿನಲ್ಲಿ ಮುಗಿಸಿದ್ದಾರೆ.

ಹಾಗೆಂದು ಅಲ್ಲಿ ಎಲ್ಲವೂ ಸರಿಯಾಗಿದೆಯೆಂದು ನಾವು ಹೇಳುವುದಿಲ್ಲ. ಇಂಥ ನಿಲಯಗಳು ಸ್ವಂತವಾಗಿ ವಾರ್ತೆಗಳನ್ನು ಪ್ರಸಾರ ಮಾಡುವಂತಿಲ್ಲ. ಯಂತ್ರದ ಶಕ್ತಿ ಅಲ್ಪ, ಕೇಳುವ ಹಳ್ಳಿಗಳು ಕೆಲವೇ. ಆ ಹಳ್ಳಿಗಳ ಸುತ್ತ ಹತ್ತಿಯೂ ಕಬ್ಬೂ ಇವೆ. ಒಂದು ನಿಲಯ ಒಂದು ಸೀಮೆಯ ಬೇಸಾಯವನ್ನೇ ತಿರುಗಿಸೀತೆಂದು ನಂಬುವುದು ಅತಿಯಾಸೆ. ಆದರೆ 2019ರಲ್ಲಿ ಈ ಸಂಘಗಳಿಗೆ ವಿಶ್ವಸಂಸ್ಥೆಯ ಅಭಿವೃದ್ಧಿ ವಿಭಾಗದ ಈಕ್ವೇಟರ್ ಪ್ರಶಸ್ತಿ ಬಂದಿತು; 2023ನ್ನು ಜಗತ್ತೇ ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ನಾವು ಹಿಂದೆ ತೃಣಧಾನ್ಯವೆಂದು ಕರೆದುದಕ್ಕೆ ಈಗ ಸಿರಿಯ ಹೆಸರು! ಆ ವರ್ಷದ ಮಾರ್ಚ್ 18ರಂದು ದೆಹಲಿಯಲ್ಲಿ ಸಿರಿಧಾನ್ಯಗಳ ಜಾಗತಿಕ ಸಮ್ಮೇಳನ ಆರಂಭವಾಯಿತು. ಮಾರನೆಯ ದಿನ ಸತೀಶರು ಹೈದರಾಬಾದಿನಲ್ಲಿ ತೀರಿಕೊಂಡರು.

ಅದಾದ ಮೇಲೆ ನಮ್ಮ ಸಂಘದ ಮಹಿಳಾ ವಿಭಾಗದವರು ಒಂದು ಕೆಲಸ ಮಾಡಿದರು. ಜಹೀರಾಬಾದಿನಿಂದ ಹನ್ನೆರಡು ಬಗೆಯ ಕಾಳುಗಳನ್ನು ತರಿಸಿ, ಸಣ್ಣಸಣ್ಣ ಬಟ್ಟಲುಗಳಲ್ಲಿಟ್ಟು, ಮಕ್ಕಳಿಗೆ ಹೆಸರು ಹೇಳಿರೆಂದರು. ಮಕ್ಕಳು ಎರಡು ಹೇಳಿದರು. ತಾಯಂದಿರು ಐದು. ನಮ್ಮಂಥ ಗಂಡಸರ ಲೆಕ್ಕವನ್ನು ಇಲ್ಲಿ ಹೇಳದಿರುವುದೇ ಲೇಸು. ಅಷ್ಟರಲ್ಲಿ ಮಗನ ಮನೆಗೆ ಬಂದಿದ್ದ ಭಾಲ್ಕಿಯ ಕಡೆಯ ಅಜ್ಜಿಯೊಬ್ಬರನ್ನು ಕರೆತಂದು ಕೂರಿಸಿದರು. ಕಣ್ಣು ಮಂಜು; ಅವರು ಕಾಳನ್ನು ನೋಡಲಿಲ್ಲ, ಹೆಬ್ಬೆರಳಿನಿಂದ ಹೊರಳಿಸಿ ನೋಡಿದರು. ನವಣೆ, ಸಾವಿ, ಹಾರಕ, ಸಜ್ಜಿ, ಕುಸುಬಿ, ಅಗಸಿ… ಒಂದೊಂದಕ್ಕೂ ಯಾವ ಮಳೆಗೆ ಬಿತ್ತುವುದು, ಯಾವುದರ ಜೊತೆಗೆ ಬಿತ್ತುವುದು ಎಂಬುದನ್ನೂ ಹೇಳುತ್ತ ಹೋದರು. ಹುಡುಗಿಯೊಬ್ಬಳು ತನ್ನ ಮೊಬೈಲಿನಲ್ಲಿ ಅದನ್ನೆಲ್ಲ ಧ್ವನಿಮುದ್ರಿಸಿದಳು. ಹನ್ನೊಂದಾದ ಮೇಲೆ ಅಜ್ಜಿ ತಡೆದರು. ಹನ್ನೆರಡನೆಯ ಕಾಳು ಬಾಯಿಗೆ ಬರಲೊಲ್ಲದು. ಊರಿನಲ್ಲಿರುವ ತಂಗಿಗೆ ಫೋನು ಹಚ್ಚಿಸಿ, ಕಾಳಿನ ಬಣ್ಣ, ಗಾತ್ರ, ಹೊಟ್ಟು ಎಲ್ಲವನ್ನೂ ವರ್ಣಿಸಿದರು. ಆಕೆ ಆ ಕಡೆಯಿಂದ ಹೇಳಿದ್ದು ನಮಗೆಲ್ಲರಿಗೂ ಕೇಳಿಸಿತು: “ಮಾತಿನ್ಯಾಗ ಹ್ಯಾಂಗ ಗುರ್ತಾಗ್ತದ ಅಕ್ಕಾ, ಬರುವಾಗ ಒಂದು ಹಿಡಿ ಕಟ್ಟಿಕೊಂಡು ಬಾ.”