ಅರ್ಧ ಟ್ಯಾಂಕ್ ಪೆಟ್ರೋಲ್ ಮತ್ತು 1973ರ ಭಯ

ಕೆಲವು ವರ್ಷಗಳ ಹಿಂದಿನ ಮಾತು. ನಾಳೆಯಿಂದ ಟ್ಯಾಂಕರ್ ಲಾರಿಗಳ ಮುಷ್ಕರವಂತೆ, ಪೆಟ್ರೋಲ್ ಸಿಗಲ್ಲವಂತೆ ಅಂತ ಆಫೀಸಿನಲ್ಲಿ ಯಾರೋ ಅಂದರು. ನನ್ನ ಬೈಕಿನಲ್ಲಿ ಅರ್ಧ ಟ್ಯಾಂಕ್ ಇತ್ತು. ಒಂದು ವಾರ ಆರಾಮಾಗಿ ಓಡಿಸಬಹುದಿತ್ತು. ಆದರೂ ದಾರಿಯಲ್ಲಿದ್ದ ಬಂಕಿನಿಂದ ರಸ್ತೆವರೆಗೂ ಬಂದಿದ್ದ ಸಾಲನ್ನು ನೋಡಿದ್ದೇ ತಡ, ನಾನೂ ಹೋಗಿ ನಿಂತುಬಿಟ್ಟೆ! ಮುಕ್ಕಾಲು ಗಂಟೆ ಕಾದು ಫುಲ್ ಮಾಡಿಸಿಕೊಂಡೆ. ನನ್ನ ಹಿಂದೆ ಒಬ್ಬರು ಆಟೋ ತಳ್ಳಿಕೊಂಡು ಬಂದಿದ್ದರು. ಬಂಕಿನ ಹುಡುಗ ಅವರಿಗೆ "ಖಾಲಿ ಆಯ್ತು ಅಣ್ಣ" ಅಂದ. ಮುಷ್ಕರ ಕೊನೆಗೂ ಆಗಲೇ ಇಲ್ಲ. ಮರುದಿನ ಎಂದಿನಂತೆ ಪೆಟ್ರೋಲ್ ಬಂತು. ಆ ಆಟೋದವರ ಒಂದು ರಾತ್ರಿಯ ದುಡಿಮೆ ಮಾತ್ರ ಹೋಯಿತು.

ಪೆಟ್ರೋಲ್ ಕೊರತೆ ಇರಲಿಲ್ಲ. ಅದನ್ನು ಹುಟ್ಟಿಸಿದವರು ಸಾಲಿನಲ್ಲಿ ನಿಂತ ನಾವೇ. ಇದೇ ಆಟವನ್ನು ಇಡೀ ಜಗತ್ತು ಒಮ್ಮೆ ಆಡಿತ್ತು. 1973ರ ತೈಲ ಬಿಕ್ಕಟ್ಟಿನ ಬಗ್ಗೆ ಓದುವಾಗಲೆಲ್ಲ ನನಗೆ ಆ ಆಟೋ ನೆನಪಾಗುತ್ತದೆ.

ಕಥೆ ಶುರುವಾಗೋದು 1973ರ ಅಕ್ಟೋಬರ್ 6ರಂದು. ಯಹೂದಿಗಳ ಪವಿತ್ರ ದಿನವಾದ ಯೋಮ್ ಕಿಪ್ಪುರ್‌ನಂದೇ ಈಜಿಪ್ಟ್ ಮತ್ತು ಸಿರಿಯಾ ಸೇನೆಗಳು ಇಸ್ರೇಲ್ ಮೇಲೆ ಮುಗಿಬಿದ್ದವು. 1967ರ ಯುದ್ಧದಲ್ಲಿ ಕಳೆದುಕೊಂಡ ನೆಲವನ್ನು ವಾಪಸ್ ಪಡೆಯುವುದು ಅವರ ಗುರಿ. ಅಮೆರಿಕ ಇಸ್ರೇಲ್‌ಗೆ ವಿಮಾನಗಳಲ್ಲಿ ಶಸ್ತ್ರಾಸ್ತ್ರ ಕಳಿಸಿತು. ಅಕ್ಟೋಬರ್ 17ರಂದು ಕುವೈತ್‌ನಲ್ಲಿ ಸೇರಿದ ಅರಬ್ ತೈಲ ದೇಶಗಳು ಪ್ರತಿ ತಿಂಗಳೂ ಉತ್ಪಾದನೆಯನ್ನು ಶೇ. 5ರಷ್ಟು ಕಡಿತ ಮಾಡುವುದಾಗಿ ಘೋಷಿಸಿದವು. ಆಮೇಲೆ ಅಮೆರಿಕಕ್ಕೆ, ಹಾಲೆಂಡಿಗೆ ತೈಲವನ್ನೇ ನಿಲ್ಲಿಸಿದವು. ಅತ್ತ ರಷ್ಯಾ ತಾನೊಬ್ಬನೇ ಸೇನೆ ಇಳಿಸಿಬಿಟ್ಟರೆ ಎಂಬ ಆತಂಕದಲ್ಲಿ ಅಕ್ಟೋಬರ್ 25ರ ಮುಂಜಾವ ಅಮೆರಿಕ ಅಣ್ವಸ್ತ್ರ ಪಡೆಗಳನ್ನೂ ಸೇರಿಸಿ ತನ್ನ ಸೇನೆಗೆ ಕಟ್ಟೆಚ್ಚರ ಕೊಟ್ಟಿತು. ಒಂದೇ ತಿಂಗಳಲ್ಲಿ ಎಷ್ಟೊಂದು ಭಯಗಳು ನೋಡಿ.

ಈಗ ಸ್ವಲ್ಪ ಲೆಕ್ಕ ನೋಡೋಣ. ಕಡಿತ ಅತಿ ಹೆಚ್ಚಿದ್ದ ಡಿಸೆಂಬರಿನಲ್ಲೂ ಕಮ್ಯುನಿಸ್ಟೇತರ ಜಗತ್ತಿಗೆ ಕಡಿಮೆ ಬಿದ್ದ ತೈಲ ಹತ್ತರಲ್ಲಿ ಒಂದು ಪಾಲಿಗಿಂತ ಕಮ್ಮಿ. ಆದರೆ ಬೆಲೆ? ಅಕ್ಟೋಬರ್ ಮಧ್ಯದವರೆಗೆ ಬ್ಯಾರೆಲ್‌ಗೆ 3 ಡಾಲರ್ ಇದ್ದದ್ದು 5.12 ಆಯಿತು. 1974ರ ಜನವರಿ 1ಕ್ಕೆ 11.65! ಅಂದರೆ ಸುಮಾರು ನಾಲ್ಕು ಪಟ್ಟು. ನಡುವೆ ಇರಾನ್ ನಡೆಸಿದ ಹರಾಜಿನಲ್ಲಿ ಕಂಪನಿಗಳು 17 ಡಾಲರ್‌ಗೂ ಮೇಲೆ ಕೂಗಿದ್ದವು. ತಮಾಷೆ ಏನೆಂದರೆ ಇರಾನ್ ಈ ನಿರ್ಬಂಧದಲ್ಲಿ ಸೇರಿರಲೇ ಇಲ್ಲ, ತೈಲ ಮಾರುತ್ತಲೇ ಇತ್ತು. ಆದರೆ ಬೆಲೆ ಏರಿಸುವುದರಲ್ಲಿ ಅಲ್ಲಿನ ಷಾ ಎಲ್ಲರಿಗಿಂತ ಮುಂದೆ. ಇವತ್ತು ಇಲ್ಲದ ತೈಲಕ್ಕಿಂತ ನಾಳೆ ಸಿಗದೇ ಹೋಗಬಹುದಾದ ತೈಲಕ್ಕೇ ಕಂಪನಿಗಳು ಹಣ ಸುರಿಯುತ್ತಿದ್ದವು.

ಅಮೆರಿಕದ ಬಂಕುಗಳ ಮುಂದೆ ಮೈಲುಗಟ್ಟಲೆ ಕಾರುಗಳು ನಿಂತವು. ಅದಕ್ಕೆ ಸರ್ಕಾರದ ಬೆಲೆ ನಿಯಂತ್ರಣ, ಹಂಚಿಕೆಯ ಎಡವಟ್ಟುಗಳೂ ಕಾರಣ ಅನ್ನಿ. ಆದರೆ ದೊಡ್ಡ ಕಾರಣ ನನ್ನ ಬೈಕಿನದ್ದೇ. ಮಾಮೂಲಿ ದಿನಗಳಲ್ಲಿ ಜನ ಟ್ಯಾಂಕ್ ಖಾಲಿಯಾಗುತ್ತಾ ಬಂದಾಗ ತುಂಬಿಸುತ್ತಾರೆ. ಹೆದರಿಕೆ ಹುಟ್ಟಿದ ಮೇಲೆ ಮುಕ್ಕಾಲು ಇದ್ದರೂ ಬಂದು ನಿಲ್ಲುತ್ತಾರೆ. ಬಂಕಿನ ನೆಲದಡಿ ಇರಬೇಕಾದ ಪೆಟ್ರೋಲ್ ಕೋಟಿಗಟ್ಟಲೆ ಕಾರುಗಳ ಹೊಟ್ಟೆಯಲ್ಲಿ ಸುಮ್ಮನೆ ಕೂತುಬಿಡುತ್ತದೆ. ಕೊರತೆ ನಿಜವಾಗುತ್ತದೆ.

ಜಪಾನಿನ ಕಥೆ ಇನ್ನೂ ವಿಚಿತ್ರ. ತೈಲವನ್ನೆಲ್ಲ ಹೊರಗಿನಿಂದಲೇ ತರಬೇಕಾದ ದೇಶ ಅದು. ಕಾಗದವನ್ನು ಮಿತವಾಗಿ ಬಳಸಿ ಅಂತ ಮಂತ್ರಿಯೊಬ್ಬರು ಕರೆಕೊಟ್ಟರು. ಅಷ್ಟೇ ಸಾಕಾಯಿತು. ನವೆಂಬರ್ ಶುರುವಿನಲ್ಲಿ ಒಸಾಕಾ ಹತ್ತಿರದ ಸೆನ್ರಿ ಬಡಾವಣೆಯ ಅಂಗಡಿಯೊಂದರ ಮುಂದೆ ನೂರಾರು ಜನ ಟಾಯ್ಲೆಟ್ ಪೇಪರಿಗಾಗಿ ಸಾಲು ನಿಂತರು. ಪೇಪರಿನ ಗಲಾಟೆ ದೇಶವೆಲ್ಲ ಹಬ್ಬಿತು. ಕಾರ್ಖಾನೆಗಳೇನೂ ಉತ್ಪಾದನೆ ನಿಲ್ಲಿಸಿರಲಿಲ್ಲ!

ಅದೇ ಡಿಸೆಂಬರಿನಲ್ಲಿ ಟೊಯೊಕಾವಾ ಎಂಬ ಊರಿನಲ್ಲಿ, ಸಹಕಾರಿ ಬ್ಯಾಂಕೊಂದರಲ್ಲಿ ಕೆಲಸ ಸಿಕ್ಕಿದ್ದ ಹೈಸ್ಕೂಲ್ ಹುಡುಗಿಯನ್ನು ಗೆಳತಿಯರು ರೈಲಿನಲ್ಲಿ ಗೇಲಿ ಮಾಡಿದರು. ಬ್ಯಾಂಕ್ ಅಂದರೆ ಅಪಾಯ ಕಣೇ ಅಂದರು. ಅವರು ಹೇಳಿದ್ದು ಬ್ಯಾಂಕ್ ದರೋಡೆ ಬಗ್ಗೆ. ಹುಡುಗಿ ಮನೆಯವರನ್ನು ಕೇಳಿದಳು, ಅವರು ಇನ್ಯಾರನ್ನೋ ಕೇಳಿದರು. ಕೆಲವೇ ದಿನಗಳಲ್ಲಿ 'ಬ್ಯಾಂಕ್ ಮುಳುಗುತ್ತಂತೆ' ಅಂತ ಆಯಿತು. ಬಟ್ಟೆ ಒಗೆಯುವ ಅಂಗಡಿಯಲ್ಲಿ ಒಬ್ಬ ತನ್ನ ವ್ಯಾಪಾರದ ಅಗತ್ಯಕ್ಕೆ, ಹಣ ತೆಗೆದುಕೊಂಡು ಬಾ ಅಂತ ಮನೆಗೆ ಫೋನ್ ಮಾಡಿದ್ದನ್ನು ಅಂಗಡಿಯವರು ಕೇಳಿಸಿಕೊಂಡರು. ಮುಗೀತು! ಜನ 100 ಕೋಟಿ ಯೆನ್‌ಗೂ ಹೆಚ್ಚು ಹಣ ಹಿಂತೆಗೆದರು. ಕೊನೆಗೆ ನೋಟಿನ ಕಂತೆಗಳನ್ನು ಎಲ್ಲರ ಕಣ್ಣಿಗೆ ಕಾಣುವ ಹಾಗೆ ಪೇರಿಸಿಟ್ಟು ಸಮಾಧಾನ ಮಾಡಬೇಕಾಯಿತು. ಆ ಬ್ಯಾಂಕಿನಲ್ಲಿ ಯಾವ ತೊಂದರೆಯೂ ಇರಲಿಲ್ಲ.

ಪಾಪ, ಸಾಮಾನ್ಯ ಜನ ಹಾಗೇ ಅನ್ನಬೇಡಿ. ಸರ್ಕಾರಗಳು ಮಾಡಿದ್ದೇನು? ಅಮೆರಿಕದ ಹಿಂದೆಯೇ ನಡೆಯುತ್ತಿದ್ದ ಜಪಾನ್ ನವೆಂಬರ್ 22ರಂದು ನಿಲುವು ಬದಲಿಸಿತು. ವಶಪಡಿಸಿಕೊಂಡ ನೆಲದಿಂದ ಇಸ್ರೇಲ್ ಹಿಂದೆ ಸರಿಯಬೇಕು ಅಂದಿತು. ಯುರೋಪಿನ ಒಂಬತ್ತು ದೇಶಗಳು ಅದಕ್ಕೂ ಮೊದಲೇ ಇಂಥದ್ದೇ ಮಾತಾಡಿದ್ದವು. ಇನ್ನು, ಅಮೆರಿಕ ಸೌದಿ, ಕುವೈತ್, ಅಬುಧಾಬಿಗಳ ತೈಲ ಬಾವಿಗಳನ್ನು ಸೇನೆಯಿಂದ ವಶಪಡಿಸಿಕೊಳ್ಳಬಹುದು ಅಂತ ಬ್ರಿಟನ್ನಿನ ಗುಪ್ತಚರರು ತಮ್ಮ ಸರ್ಕಾರಕ್ಕೆ ವರದಿ ಕೊಟ್ಟಿದ್ದರು. ಆ ಕಡತಗಳು ಹೊರಬಂದಿದ್ದು 2004ರ ಜನವರಿಯಲ್ಲಿ. ಗೆಳೆಯನನ್ನೂ ನಂಬದಂತೆ ಮಾಡಿತ್ತು ಈ ಭಯ.

1974ರ ಮಾರ್ಚಿನಲ್ಲಿ ಅಮೆರಿಕದ ಮೇಲಿನ ನಿರ್ಬಂಧ ತೆರವಾಯಿತು. ಬೆಲೆ ಮಾತ್ರ ಇಳಿಯಲಿಲ್ಲ. ಪಾಠ ಕಲಿತರೇ? 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಯಿತು. ಜಗತ್ತಿಗೆ ಕಡಿಮೆ ಬಿದ್ದದ್ದು ಶೇ. 4-5ರಷ್ಟು ತೈಲ. ಆದರೆ ಎಲ್ಲರೂ ಮತ್ತೆ ಕೂಡಿಡಲು ಓಡಿದರು. 13 ಡಾಲರಿನ ಬ್ಯಾರೆಲ್ 30 ದಾಟಿತು.

ಇಲ್ಲಿ ಇನ್ನೊಂದು ಮುಖವೂ ಇದೆ. ಭಯ ಹುಟ್ಟಿಸಿ ಗೆದ್ದವರು ಶಾಶ್ವತವಾಗಿ ಗೆಲ್ಲಲಿಲ್ಲ. ಹೆದರಿದವರು ಸುಮ್ಮನೆ ಕೂರಲಿಲ್ಲವಲ್ಲ! ಫ್ರಾನ್ಸ್ ಸಾಲುಸಾಲು ಅಣುಸ್ಥಾವರ ಕಟ್ಟಿತು. ಉತ್ತರ ಸಮುದ್ರದಲ್ಲೂ ಅಲಾಸ್ಕಾದಲ್ಲೂ ತೈಲ ತೆಗೆದರು. ಜಪಾನಿನ ಸಣ್ಣ ಕಾರುಗಳು ಅಮೆರಿಕದ ರಸ್ತೆಗೆ ಬಂದವು. 1980ರ ಹೊತ್ತಿಗೆ ದಿನಕ್ಕೆ ಸುಮಾರು ಒಂದು ಕೋಟಿ ಬ್ಯಾರೆಲ್ ತೆಗೆಯುತ್ತಿದ್ದ ಸೌದಿ ಅರೇಬಿಯಾದ ಉತ್ಪಾದನೆ 1985ರಲ್ಲಿ ಕಾಲು ಭಾಗಕ್ಕೆ ಇಳಿಯಿತು. 1986ರಲ್ಲಿ ಬೆಲೆ 10 ಡಾಲರ್ ಆಸುಪಾಸಿಗೆ ಕುಸಿಯಿತು.

ನಾನು ಉಡುಪಿ ಕಡೆಯವನು. ಆ ತೈಲದ ಹಣದಿಂದ ಎದ್ದ ಕೊಲ್ಲಿ ದೇಶಗಳ ಊರುಗಳಿಗೆ ದುಡಿಯಲು ಹೋದವರ ಮನೆಗಳು ನಮ್ಮ ಕರಾವಳಿಯ ಉದ್ದಕ್ಕೂ ಇವೆ. ಈಗ 1973ರ ಇನ್ನೊಂದು ಗುರುತೂ ಅಲ್ಲೇ ಇದೆ. ಕಾಪು ಹತ್ತಿರದ ಪಾದೂರಿನಲ್ಲಿ ಬಂಡೆ ಕೊರೆದು ಮಾಡಿದ ಗುಹೆಗಳಲ್ಲಿ 25 ಲಕ್ಷ ಟನ್ ಕಚ್ಚಾ ತೈಲ ಹಿಡಿಯುತ್ತದೆ. ಮಂಗಳೂರಿನಲ್ಲಿ 15 ಲಕ್ಷ ಟನ್. ವಿಶಾಖಪಟ್ಟಣದ್ದೂ ಸೇರಿ ಒಟ್ಟು 53.3 ಲಕ್ಷ ಟನ್. ಅಂದರೆ ದೇಶ ಆಪತ್ಕಾಲಕ್ಕೆಂದು ಕಟ್ಟಿದ ಈ ಮೊದಲ ಗುಹೆಗಳ ಮುಕ್ಕಾಲು ಪಾಲು ನಮ್ಮ ಕರಾವಳಿಯಲ್ಲೇ! ಎಲ್ಲ ತುಂಬಿದ್ದರೂ ದೇಶಕ್ಕೆ ಸಾಲುವುದು ಹತ್ತು ದಿನಕ್ಕೂ ಕಡಿಮೆ. ಗುಹೆಯ ಗೋಡೆಗೆ ಉಕ್ಕಿನ ತಗಡಿಲ್ಲ. ಬಂಡೆಯ ಸುತ್ತಲಿನ ಅಂತರ್ಜಲದ ಒತ್ತಡವೇ ತೈಲ ಸೋರದಂತೆ ಹಿಡಿದಿಟ್ಟಿರುತ್ತದೆ. 1973ರ ನಂತರ ಅಮೆರಿಕ ಟೆಕ್ಸಾಸ್, ಲೂಸಿಯಾನಾದ ಉಪ್ಪಿನ ಪದರಗಳಲ್ಲಿ ಇಂಥ ಕಣಜಗಳನ್ನು ಮಾಡಿತು. ನಮ್ಮದು ಬಹಳ ತಡವಾಗಿ ಬಂತು.

2020ರ ಏಪ್ರಿಲ್-ಮೇ ತಿಂಗಳಲ್ಲಿ ಕೊರೋನಾದಿಂದಾಗಿ ತೈಲ ಕೇಳುವವರೇ ಇಲ್ಲದೆ ಬೆಲೆ ನೆಲಕಚ್ಚಿದಾಗ ಈ ಗುಹೆಗಳನ್ನು ಅಗ್ಗದಲ್ಲಿ ತುಂಬಿಸಿಕೊಂಡರು. ಆ ಸುದ್ದಿ ಓದಿದಾಗ ನನಗೆ ನಮ್ಮ ಅಜ್ಜಿ ನೆನಪಾದರು. ಅವರು ಸೌದೆ, ಹಪ್ಪಳ, ಉಪ್ಪಿನಕಾಯಿ ಎಲ್ಲ ಕೂಡಿಡುತ್ತಿದ್ದದ್ದು ಬೇಸಗೆಯಲ್ಲಿ, ಬಿಸಿಲಿದ್ದಾಗ. ಆಟಿ ತಿಂಗಳಿನ ಮಳೆಯಲ್ಲಿ ಪಕ್ಕದ ಮನೆಯವರು ಕೇಳಿಕೊಂಡು ಬಂದರೆ ಅದರಲ್ಲೇ ಕೊಡುತ್ತಿದ್ದರು. ಮಳೆ ಶುರುವಾದ ಮೇಲೆ ಅಂಗಡಿಗೆ ಓಡಿದವರಲ್ಲ ಅವರು.

ಭಯ ಬೇಡ ಅಂತ ನಾನು ಹೇಳುತ್ತಿಲ್ಲ. ಭಯವೇ ಇಲ್ಲದಿದ್ದರೆ ಪಾದೂರಿನ ಬಂಡೆ ಯಾರು ಕೊರೆಯುತ್ತಿದ್ದರು? ಆದರೆ ಬಿಸಿಲಿರುವಾಗ ಹೆದರಿ ಕೂಡಿಟ್ಟರೆ ಅದು ಹತ್ತು ಜನಕ್ಕಾಗುತ್ತದೆ. ಎಲ್ಲರೂ ಓಡುವಾಗ ನಾವೂ ಓಡಿ ತುಂಬಿಸಿಕೊಂಡರೆ ಅದು ಇನ್ನೊಬ್ಬರ ಪಾಲಿನದ್ದು. ದೇಶಗಳಾದರೂ ಅಷ್ಟೆ, ನಾವಾದರೂ ಅಷ್ಟೆ. 1973ರಲ್ಲಿ ಕೊನೆಗೂ ಹೆಚ್ಚು ಪೆಟ್ಟು ತಿಂದವರು ನಾಲ್ಕು ಪಟ್ಟು ಬೆಲೆ ಕೊಡಲಾಗದ ಬಡ ದೇಶಗಳವರು. ಅವರು ಯಾವ ಸಾಲಿನಲ್ಲೂ ಮುಂದೆ ಇರಲಿಲ್ಲ.

ಆ ಆಟೋದವರ ಮುಖ ನನಗೆ ಈಗ ಸರಿಯಾಗಿ ನೆನಪಿಲ್ಲ. ಆದರೆ ಪೆಟ್ರೋಲ್ ಸಿಗಲ್ಲವಂತೆ ಅಂತ ಯಾರಾದರೂ ಅಂದರೆ ಮೊದಲು ಬೈಕಿನ ಮುಳ್ಳು ನೋಡುತ್ತೇನೆ. ಅರ್ಧ ಇದ್ದರೆ ಸೀದಾ ಮನೆಗೆ ಹೋಗುತ್ತೇನೆ.