ಉರಿ ಹೊರಗೆ, ಶಾಖ ಒಳಗೆ

ಮೈಸೂರಿನ ನಜರ್‌ಬಾದ್, ಟಿಪ್ಪುಸುಲ್ತಾನ ಕಟ್ಟಲು ಹೊರಟು ಮುಗಿಸಲಾಗದೆ ಹೋದ ಹೊಸ ಕೋಟೆಯ ನೆಲ. ಹಳೆಯ ಮೈಸೂರು ಕೋಟೆಯನ್ನು ಕೆಡವಿ ಅದರ ಕಲ್ಲುಗಳನ್ನು ಇಲ್ಲಿಗೆ ಸಾಗಿಸಿದ್ದರು. 1799ರಲ್ಲಿ ಅವನು ಮಡಿದ ಮೇಲೆ ಕಲ್ಲುಗಳು ಮತ್ತೆ ಹಳೆಯ ಜಾಗಕ್ಕೆ ಮರಳಿದವು. ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದವನೂ ಅವನೇ. ಕೋಟೆ ಉಳಿಯಲಿಲ್ಲ, ಗಂಧದ ಮೇಲಿನ ಸರ್ಕಾರದ ಹಿಡಿತ ಉಳಿಯಿತು. ಆ ಗಂಧವೇ ಮುಂದೆ ಮೈಸೂರು ಸೀಮೆಗೆ ರಸಾಯನಶಾಸ್ತ್ರದ ಒಂದು ಪಾಠವನ್ನು ಕಲಿಸಿತು: ಕಾಯಿಸಲು ಶಾಖ ಬೇಕು, ಆದರೆ ಕಾಯುವ ಪದಾರ್ಥದ ಪಕ್ಕದಲ್ಲಿ ಉರಿ ಇರಲೇಬೇಕೆಂದಿಲ್ಲ.

1914ರಲ್ಲಿ ಮಹಾಯುದ್ಧ ಆರಂಭವಾದಾಗ ನಮ್ಮ ಗಂಧದ ಕೊರಡನ್ನು ಕೊಳ್ಳುತ್ತಿದ್ದ ಜರ್ಮನಿಯ ಮಾರುಕಟ್ಟೆ ಮುಚ್ಚಿಹೋಯಿತು. ಎಣ್ಣೆಯನ್ನು ಇಲ್ಲೇ ತೆಗೆಯುವುದು ಅನಿವಾರ್ಯವಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ಸಡ್‌ಬರೋ ಮತ್ತು ವಾಟ್ಸನ್ ಇದರ ವಿಧಾನವನ್ನು ರೂಪಿಸಿದರು. 1916ರಲ್ಲಿ ಬೆಂಗಳೂರಿನಲ್ಲಿ, ಮರುವರ್ಷ ಮೈಸೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆಗಳು ಶುರುವಾದವು.

ಗಂಧದೆಣ್ಣೆಯ ಮುಖ್ಯ ಅಂಶವಾದ ಸ್ಯಾಂಟಲಾಲ್ ಕುದಿಯುವುದು ಸುಮಾರು 300 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಹಂಡೆಯ ಕೆಳಗೆ ನೇರವಾಗಿ ಸೌದೆ ಉರಿಸಿದರೆ ತಳದ ಪುಡಿ ಸೀದು, ಎಣ್ಣೆಯೂ ಕೆಡಬಹುದು. ಹಬೆಯನ್ನು ಹಾಯಿಸಿದರೆ ಎಣ್ಣೆಯ ಆವಿ ನೀರಾವಿಯೊಡನೆ 100 ಡಿಗ್ರಿಯ ಆಸುಪಾಸಿನಲ್ಲೇ ಹೊರಬರುತ್ತದೆ. ಎರಡರ ಆವಿಯೊತ್ತಡ ಕೂಡಿ ಹೊರಗಿನ ಗಾಳಿಯ ಒತ್ತಡಕ್ಕೆ ಸಮನಾದರೆ ಸಾಕು, ಮಿಶ್ರಣ ಕುದಿಯುತ್ತದೆ. ಇದರ ಇನ್ನೊಂದು ಲಾಭ, ಉರಿಯುವ ಒಲೆ ಬಾಯ್ಲರಿನ ಬಳಿ ಉಳಿಯುತ್ತದೆ. ಎಣ್ಣೆಯ ಬಳಿಗೆ ಕೊಳವೆಯಲ್ಲಿ ಬರುವುದು ಹಬೆ ಮಾತ್ರ.

ಕಾಲೇಜಿನ ಪ್ರಯೋಗಶಾಲೆಗೆ ಈ ವಿವೇಕ ಬರಲು ಹೆಚ್ಚು ಕಾಲ ಹಿಡಿಯಿತು. 1855ರ ಸುಮಾರಿಗೆ ಹೈಡೆಲ್‌ಬರ್ಗಿನಲ್ಲಿ ಬುನ್ಸೆನ್ ಮತ್ತು ಅವರ ಉಪಕರಣ ತಯಾರಕ ಡೆಸಾಗಾ ರೂಪಿಸಿದ ಬರ್ನರ್ ಹೊಗೆಯಿಲ್ಲದ ಒಳ್ಳೆಯ ಜ್ವಾಲೆಯನ್ನು ಕೊಟ್ಟಿತು. ಗ್ಯಾಸ್ ಇಲ್ಲದ ಕಡೆ ಸ್ಪಿರಿಟ್ ದೀಪ ಉರಿಯಿತು. ನೀರನ್ನೋ ಉಪ್ಪಿನ ದ್ರಾವಣವನ್ನೋ ಕಾಯಿಸಲು ಇವು ಸಾಕು. ಈಥರ್ ವಿಷಯ ಬೇರೆ. ಅದು 35 ಡಿಗ್ರಿಯೊಳಗೇ ಕುದಿಯುತ್ತದೆ. ನಮ್ಮ ಬೇಸಿಗೆಯ ಮಧ್ಯಾಹ್ನಕ್ಕೆ ಅಷ್ಟು ಸಾಕು. ಅದರ ಆವಿ ಗಾಳಿಗಿಂತ ಎರಡೂವರೆ ಪಟ್ಟು ಭಾರ. ಮೇಲೇರದೆ ಮೇಜಿನ ಮೇಲೆ ಹರಿದು, ಆಚೆ ತುದಿಯ ಬರ್ನರನ್ನು ಮುಟ್ಟಿ, ಹೊತ್ತಿಕೊಂಡು ಸೀಸೆಯತ್ತ ಹಿಂದಿರುಗಬಲ್ಲದು. ಸ್ಪಿರಿಟ್‌ನ ಜ್ವಾಲೆಯಂತೂ ಹಗಲಿನಲ್ಲಿ ಕಣ್ಣಿಗೆ ಬೀಳುವುದೇ ಕಷ್ಟ. ದೀಪ ಆರಿದೆಯೆಂದು ತಿಳಿದು ಸ್ಪಿರಿಟ್ ಸುರಿದವರು ಕೈ ಸುಟ್ಟುಕೊಳ್ಳುತ್ತಾರೆ.

1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಂದರ್ಭದಲ್ಲಿ ಮೈಸೂರಿನ ಮರದ ಅರಮನೆ ಸುಟ್ಟುಹೋಯಿತು. ಹೆನ್ರಿ ಇರ್ವಿನ್ ಅವರ ಯೋಜನೆಯಂತೆ 1912ರಲ್ಲಿ ಮುಗಿದ ಹೊಸ ಅರಮನೆಯಲ್ಲಿ ಕಲ್ಲು, ಇಟ್ಟಿಗೆ, ಕಬ್ಬಿಣಗಳಿಗೆ ಪ್ರಾಧಾನ್ಯ. ಅರಮನೆಯಲ್ಲಿ ಹೀಗೆ ಉರಿಯುವ ವಸ್ತುವನ್ನೇ ಬದಲಿಸಬಹುದು. ಪ್ರಯೋಗಶಾಲೆಯಲ್ಲಿ ಉರಿಯುವ ವಸ್ತುವೇ ಪಾಠದ ವಸ್ತು. ಆದ್ದರಿಂದ ಬದಲಾಗಬೇಕಾದುದು ಒಲೆ.

ಬೇರೆಡೆ ಕಾಯಿಸಿ ತಂದ ಬಿಸಿನೀರಿನ ತೊಟ್ಟಿಯಲ್ಲಿ ಸೀಸೆಯನ್ನಿಡುವುದು ಮೊದಲ ಉಪಾಯ. ತೊಟ್ಟಿಯ ಕೆಳಗೇ ಬರ್ನರ್ ಇಟ್ಟರೆ ಉಪಾಯ ಕೆಟ್ಟಿತು. ಮುಂದೆ ಬಂದದ್ದು ವಿದ್ಯುತ್ ತಂತಿಯನ್ನು ಗಾಜಿನ ನಾರಿನ ಬಟ್ಟೆಯಲ್ಲಿ ಹುದುಗಿಸಿದ ಹೀಟಿಂಗ್ ಮ್ಯಾಂಟಲ್. ಇದರಲ್ಲಿ ಜ್ವಾಲೆಯಿಲ್ಲ. ಆದರೂ ಸ್ವಿಚ್ಚಿನ ಕಿಡಿ ಇದ್ದೀತು. ಕಾರ್ಬನ್ ಡೈಸಲ್ಫೈಡ್‌ನಂಥ ದ್ರವದ ಆವಿಯಂತೂ ಕಿಡಿಯೇ ಇಲ್ಲದೆ, ಸುಮಾರು 90 ಡಿಗ್ರಿ ಕಾದ ಮೇಲ್ಮೈ ಸೋಕಿದರೂ ಹೊತ್ತಿಕೊಳ್ಳುತ್ತದೆ. ಅದರ ಪಾಲಿಗೆ ಹಬೆಯ ಕೊಳವೆಯೂ ಬೆಂಕಿಕಡ್ಡಿಯೇ.

ಹಾಗಾಗಿ ಉಪಕರಣ ಎಷ್ಟೇ ಹೊಸದಾದರೂ, ಕಾಯಿಸುವ ಮೊದಲು ಸೀಸೆಯ ಚೀಟಿಯನ್ನು ಓದಿ, ಅಕ್ಕಪಕ್ಕದ ಉರಿ ಆರಿದೆಯೇ ಎಂದು ನೋಡಬೇಕು. ಮರಳಿನ ಬಕೆಟ್ ಬಾಗಿಲ ಬಳಿ ಇರಲಿ. ಉರಿಯುವ ಈಥರ್ ಮೇಲೆ ನೀರು ಸುರಿದರೆ ಅದು ನೀರಿನ ಮೇಲೆ ತೇಲಿ ಬೆಂಕಿಯನ್ನು ಹರಡುತ್ತದೆ. ಗಂಧದೆಣ್ಣೆ ತೆಗೆದವರು ಒಲೆಯನ್ನು ದೂರವಿಟ್ಟು ಸುವಾಸನೆಯನ್ನು ಉಳಿಸಿಕೊಂಡರು. ಪ್ರಯೋಗಶಾಲೆಯಲ್ಲಿ ಉಳಿಯಬೇಕಾದುದು ಹುಡುಗ ಹುಡುಗಿಯರ ಕೈ ಮತ್ತು ಕಣ್ಣು.