ತ್ಸೆಲೆಮ್

ಹೀಬ್ರೂ ಭಾಷೆಯಲ್ಲಿ ಕ್ಯಾಮರಾಕ್ಕೆ ‘ಮತ್ಸ್‌ಲೆಮಾ’ ಎನ್ನುತ್ತಾರೆ, ಫೋಟೊ ತೆಗೆಯುವವನಿಗೆ ‘ತ್ಸಲಾಮ್’. ಎರಡೂ ಕವಲೊಡೆದದ್ದು ‘ತ್ಸೆಲೆಮ್’ ಎಂಬ ಹಳೆಯ ಪದದಿಂದ. ದೇವರು ಮನುಷ್ಯನನ್ನು ತನ್ನ ತ್ಸೆಲೆಮ್‌ನಲ್ಲಿ ಸೃಷ್ಟಿಸಿದ ಎನ್ನುತ್ತದೆ ಯೆಹೂದ್ಯರ ಧರ್ಮಗ್ರಂಥ ತೋರಾದ ಮೊದಲ ಅಧ್ಯಾಯ. ಕಾನಾನಿನ ಎರಕದ ವಿಗ್ರಹಗಳನ್ನು ನಾಶಮಾಡಿ ಎಂದು ಅದೇ ತೋರಾ ಮುಂದೆ ಅಪ್ಪಣೆ ಕೊಡುವಾಗಲೂ ಪದ ಇದೇ. ಬೈಬಲ್ಲಿನ ಇನ್ನೊಂದು ಕಥೆಯಲ್ಲಿ ಫಿಲಿಷ್ಟಿಯರೆಂಬ ಜನ ತಪ್ಪುಕಾಣಿಕೆಯಾಗಿ ಒಪ್ಪಿಸಿದ ಚಿನ್ನದ ಇಲಿಗಳೂ ತ್ಸೆಲೆಮ್‌ಗಳೇ. ಇಲಿಗೆ ಆಕಾರವಿದೆ, ವಿಗ್ರಹಕ್ಕೂ ಇದೆ. ಹಾಗಾದರೆ ದೇವರಿಗೆ?

12ನೇ ಶತಮಾನದಲ್ಲಿ ಈಜಿಪ್ಟಿನಲ್ಲಿ ನೆಲೆಸಿದ್ದ ವೈದ್ಯ, ತತ್ತ್ವಜ್ಞಾನಿ ಮೋಶೆ ಬೆನ್ ಮೈಮೋನ್ (ಯೆಹೂದ್ಯರ ಬಾಯಲ್ಲಿ ‘ರಂಬಂ’) ಗೊಂದಲಕ್ಕೆ ಬಿದ್ದವರಿಗೆ ದಾರಿ ತೋರಲೆಂದು ಬರೆದ ಮಹಾಗ್ರಂಥವನ್ನು ಈ ಪದದಿಂದಲೇ ಶುರುಮಾಡಿದ. ಮೈಕಟ್ಟಿಗೆ, ಬಡಗಿ ಮರಕ್ಕೆ ಕೊಡುವ ಆಕಾರಕ್ಕೆ ‘ತೊಆರ್’ ಎಂಬ ಬೇರೆ ಮಾತಿದೆ; ತ್ಸೆಲೆಮ್ ಎಂದರೆ ಒಂದು ವಸ್ತುವನ್ನು ಆ ವಸ್ತುವಾಗಿಸುವ ತಿರುಳು, ಮನುಷ್ಯನಲ್ಲಿ ಅದು ಬುದ್ಧಿ ಎಂದ. ನಮಗಿದು ದೂರದ ಮಾತಲ್ಲ. ಕನ್ನಡ ಬೈಬಲ್ ಈ ಜಾಗದಲ್ಲಿ ‘ಸ್ವರೂಪ’ ಎನ್ನುತ್ತದೆ. ‘ಕಾಯಿಲೆಯ ಸ್ವರೂಪ’ ಎಂದಾಗ ನಾವು ಯಾರೂ ಕಾಯಿಲೆಗೆ ಕೈಕಾಲು ಹುಡುಕುವುದಿಲ್ಲವಲ್ಲ.

ಆದರೆ ರಂಬಂ ಅಲ್ಲಿಗೇ ನಿಲ್ಲಲಿಲ್ಲ. ದೇವರಿಗೆ ದೇಹವಿದೆ ಎಂದವರನ್ನು ತನ್ನ ಧರ್ಮಸಂಹಿತೆಯಲ್ಲಿ ಪಾಷಂಡಿಗಳ ಸಾಲಿಗೆ ಸೇರಿಸಿಬಿಟ್ಟ. ದಕ್ಷಿಣ ಫ್ರಾನ್ಸಿನ ಪಂಡಿತ ಅಬ್ರಹಾಂ ಬೆನ್ ದಾವಿದ್ ಇದಕ್ಕೆ ಕೆರಳಿದ. ರಂಬಂಗಿಂತ ದೊಡ್ಡವರೂ ಗ್ರಂಥದ ಮಾತನ್ನು ಇದ್ದಂತೆಯೇ ನಂಬಿ ಹಾಗೆ ತಿಳಿದಿದ್ದರು, ಅವರನ್ನು ಪಾಷಂಡಿಗಳೆನ್ನುವುದು ಹೇಗೆ ಎಂಬುದು ಅವನ ಆಕ್ಷೇಪ. ತರ್ಕದಲ್ಲಿ ನಾನು ರಂಬಂ ಕಡೆಯವನು. ಆದರೂ ಆ ಸಿಟ್ಟಿನೊಳಗಿನ ಕರುಣೆ ನನ್ನನ್ನು ಬಿಡದು.

ಇವರಿಬ್ಬರಿಗಿಂತ ಸಾವಿರ ವರ್ಷಕ್ಕೂ ಹಿಂದಿನ ಗುರು ಹಿಲ್ಲೆಲ್. ಪಾಠ ಮುಗಿಸಿ ಹೊರಟಾಗ ಎಲ್ಲಿಗೆಂದು ಶಿಷ್ಯರು ಕೇಳಿದರಂತೆ. ಪುಣ್ಯಕಾರ್ಯಕ್ಕೆ, ಸ್ನಾನಕ್ಕೆ ಎಂದ. ಸ್ನಾನವೂ ಪುಣ್ಯಕಾರ್ಯವೇ? ರಂಗಮಂದಿರದ ರಾಜಪ್ರತಿಮೆಗಳನ್ನು ಉಜ್ಜಿ ತೊಳೆಯುವುದಕ್ಕೇ ಸಂಬಳದ ಆಳಿರುತ್ತಾನೆ. ತ್ಸೆಲೆಮ್‌ನಲ್ಲಿ ಹುಟ್ಟಿದ ನಾನು ಈ ಮೈ ತೊಳೆಯಬೇಡವೇ ಎಂಬುದು ಹಿಲ್ಲೆಲ್‌ನ ಉತ್ತರ. ಅವನ ಪಾಲಿಗೆ ಆ ಪದ ಬೆವರಿದ ಬೆನ್ನಿನಲ್ಲೂ ಇತ್ತು.

1989ರಲ್ಲಿ ಇಸ್ರೇಲಿನಲ್ಲಿ ಹುಟ್ಟಿದ ಮಾನವ ಹಕ್ಕುಗಳ ಸಂಸ್ಥೆಯೊಂದು ‘ಬೆತ್ಸೆಲೆಮ್’ ಎಂದು ಹೆಸರಿಟ್ಟುಕೊಂಡಿತು, ತ್ಸೆಲೆಮ್‌ನಲ್ಲಿ ಎಂದರ್ಥ. 2007ರಲ್ಲಿ ಅದು ಪಶ್ಚಿಮ ದಂಡೆಯ ಪ್ಯಾಲೆಸ್ತೀನಿ ಕುಟುಂಬಗಳಿಗೆ, ತಮ್ಮ ಮೇಲೆ ನಡೆಯುವುದನ್ನು ತಾವೇ ಚಿತ್ರೀಕರಿಸಿಕೊಳ್ಳಲಿ ಎಂದು, ಮತ್ಸ್‌ಲೆಮಾಗಳನ್ನು ಹಂಚತೊಡಗಿತು.